ಪಿಕಪ್‌ಗೆ ಸೌಂಡ್ ಸಿಸ್ಟಮ್ ಕೂರಿಸೋದು: ಸಾಗರದಲ್ಲಿ ನಾವು ಕಲಿತಿದ್ದು

ಎರಡನೇ ಸೆಮ್ ಮುಗಿದ ರಜೆಯಲ್ಲಿ ನಾವು ನಾಲ್ಕು ಜನ ಸಾಗರಕ್ಕೆ ಹೋಗಿದ್ದೆವು. ಜೋಗ ನೋಡೋದು, ಮಳೆಯಲ್ಲಿ ನೆನೆಯೋದು, ಹಲಸಿನಕಾಯಿ ಚಿಪ್ಸ್ ತಿನ್ನೋದು, ಇಷ್ಟೇ ಪ್ಲಾನ್. ನಮ್ಮಲ್ಲಿ ಒಬ್ಬನ ಚಿಕ್ಕಪ್ಪ ಅಲ್ಲಿ ಶಾಮಿಯಾನ ಮತ್ತು ಮೈಕ್ ಸೆಟ್ ಇಟ್ಟುಕೊಂಡಿದ್ದಾರೆ. ಮೂವತ್ತು ವರ್ಷದಿಂದ ಅದೇ ಕೆಲಸ. ಮದುವೆ, ಸತ್ಯನಾರಾಯಣ ಪೂಜೆ, ಯಕ್ಷಗಾನದ ಅನೌನ್ಸ್‌ಮೆಂಟ್, ಗಣಪತಿ ವಿಸರ್ಜನೆ, ಎಲ್ಲಕ್ಕೂ ಅವರೇ. ಹೊಸನಗರ, ತೀರ್ಥಹಳ್ಳಿವರೆಗೂ ಬಾಡಿಗೆ ಹೋಗುತ್ತಾರೆ. ತುಮರಿ ಕಡೆ ಹೋಗೋದಾದರೆ ಮೊದಲು ಲಾಂಚ್‌ಗೆ ಗಾಡಿ ಏರಿಸಿಕೊಂಡು ಹೋಗಬೇಕಿತ್ತಂತೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಶುರುವಾದ ಮೇಲೆ ನೇರ ರಸ್ತೆ.

ಅವರು ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಬೊಲೆರೊ ಪಿಕಪ್ ತಗೊಂಡಿದ್ದರು. ಚಳಿಗಾಲದಲ್ಲಿ ಅಡಿಕೆ ಕೊನೆ ಸಾಗಿಸೋಕೆ, ಉಳಿದ ದಿನ ಮೈಕ್ ಸೆಟ್‌ಗೆ. ಮೆರವಣಿಗೆಗೆ ಪ್ರತಿ ಸಲ ಜನರೇಟರ್ ಬಾಡಿಗೆ ಕೊಟ್ಟು ಕೊಟ್ಟು ಸಾಕಾಗಿ, ಗಾಡಿ ಬ್ಯಾಟರಿಯಿಂದಲೇ ಓಡುವ ಒಂದು ಸಿಸ್ಟಮ್ ಬೇಕು ಅಂತ ಆಸೆ. ನಾವು ಇಬ್ಬರು ಇಸಿ, ಒಬ್ಬ ಟ್ರಿಪಲ್ ಇ, ಒಬ್ಬ ಮೆಕ್ಯಾನಿಕಲ್. "ಇಂಜಿನಿಯರ್‌ಗಳು ಮನೆಗೇ ಬಂದಿದೀರಲ್ಲ, ಮಾಡ್ರೋ" ಅಂದರು. ಗಣಪತಿಗೆ ಮೂರು ವಾರ ಬಾಕಿ ಇತ್ತು. ನಾಲ್ಕು ಊರಿನ ಗಣಪತಿಗೆ ಅವರು ಆಗಲೇ ಅಡ್ವಾನ್ಸ್ ತಗೊಂಡಿದ್ದರು.

ಈ ಲೇಖನ ಆ ಮೂರು ವಾರದ ಪಾಠ. ನಮ್ಮದೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡ ತಪ್ಪಿದ್ದರೆ ಕ್ಷಮಿಸಿ. ಲೆಕ್ಕ ತಪ್ಪಿದ್ದರೆ ಮಾತ್ರ ದಯವಿಟ್ಟು ಬಂದು ಹೇಳಿ.

ಮೊದಲು ಲೆಕ್ಕ ಹಾಕಬೇಕಿತ್ತು, ನಾವು ಹಾಕಲಿಲ್ಲ

ನಾವು ಮಾಡಿದ್ದು ಎಲ್ಲರೂ ಮಾಡೋದನ್ನೇ. ಯೂಟ್ಯೂಬ್‌ನಲ್ಲಿ ಕಾರ್ ಆಡಿಯೋ ವಿಡಿಯೋ ಒಂದಿಪ್ಪತ್ತು ನೋಡಿ ಲಿಸ್ಟ್ ಬರೆದೆವು. ಸಬ್‌ವೂಫರ್‌ಗೆ ಒಂದು ಮೋನೋ ಆಂಪ್ಲಿಫೈಯರ್, 2 ಓಮ್‌ಗೆ 500 ವ್ಯಾಟ್. ಉಳಿದದ್ದಕ್ಕೆ ನಾಲ್ಕು ಚಾನೆಲ್ ಆಂಪ್, 4 ಓಮ್‌ಗೆ ಚಾನೆಲ್‌ಗೆ 75 ವ್ಯಾಟ್. ನಾಲ್ಕು ಓವಲ್ ಕಾರ್ ಸ್ಪೀಕರ್. ಒಂದು 12 ಇಂಚಿನ ಸಬ್. ಎಲ್ಲ ಆರ್‌ಎಂಎಸ್ ವ್ಯಾಟ್. ಡಬ್ಬದ ಮೇಲೆ ದೊಡ್ಡದಾಗಿ 4000 ವ್ಯಾಟ್ ಅಂತ ಬರೆದಿರುತ್ತದಲ್ಲ, ಅದನ್ನ ನಂಬಬೇಡಿ. ಅದು ಒಂದು ಕ್ಷಣ, ಲ್ಯಾಬ್‌ನಲ್ಲಿ, ಪುಣ್ಯ ಇದ್ದರೆ ಬರುವ ಸಂಖ್ಯೆ. ಮ್ಯಾನ್ಯುಯಲ್ ಒಳಗೆ ಸಣ್ಣ ಅಕ್ಷರದಲ್ಲಿ ಆರ್‌ಎಂಎಸ್ ಅಂತ ಇರುವುದೇ ನಿಜವಾದದ್ದು.

ಈ ಲಿಸ್ಟ್ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಆಗಲೇ ಲೆಕ್ಕ ಹಾಕಿದ್ದರೆ ಹೀಗೆ ಬರುತ್ತಿತ್ತು. ಮೋನೋ ಆಂಪ್ ಕ್ಲಾಸ್ ಡಿ, ಎಫಿಶಿಯನ್ಸಿ ಸುಮಾರು ಶೇ. 80. ಅಂದರೆ 500 ವ್ಯಾಟ್ ಹೊರಗೆ ಬರಬೇಕಾದರೆ 625 ವ್ಯಾಟ್ ಒಳಗೆ ಹೋಗಬೇಕು. ನಾಲ್ಕು ಚಾನೆಲ್ ಆಂಪ್ ಕ್ಲಾಸ್ ಎಬಿ, ಶೇ. 55 ಅಂತ ಇಟ್ಟುಕೊಳ್ಳಿ. 300 ವ್ಯಾಟ್‌ಗೆ 545. ಒಟ್ಟು 1170 ವ್ಯಾಟ್. ಇಂಜಿನ್ ಆನ್ ಇದ್ದಾಗ ಗಾಡಿಯ ವೋಲ್ಟೇಜ್ 13.8 ಸುಮಾರು. ಭಾಗಿಸಿದರೆ 85 ಆಂಪಿಯರ್.

ಮನೆಯಲ್ಲಿ 1170 ವ್ಯಾಟ್ ಅಂದರೆ ಒಂದು ಇಸ್ತ್ರಿಪೆಟ್ಟಿಗೆ, 230 ವೋಲ್ಟ್‌ನಲ್ಲಿ ಐದು ಆಂಪಿಯರ್. ಅದೇ ವ್ಯಾಟ್ 12 ವೋಲ್ಟ್ ಗಾಡಿಗೆ ಬಂದಾಗ 85. ಪಿ ಈಕ್ವಲ್ಸ್ ವಿ ಐ ಪಿಯುಸಿಯಲ್ಲೇ ಬಾಯಿಪಾಠ ಆಗಿತ್ತು. ಆದರೆ ವಿ ಕಮ್ಮಿಯಾದರೆ ಐ ಹೀಗೆ ಏರುತ್ತದೆ, ವೈರ್ ಬಿಸಿಯಾಗೋದು ಐ ಸ್ಕ್ವೇರ್‌ನಿಂದ ಅನ್ನೋದು ಕೈಗೆ ತಾಗೋವರೆಗೆ ಗೊತ್ತಾಗಲಿಲ್ಲ. ಲಾರಿ, ಬಸ್ಸಿನಲ್ಲಿ 24 ವೋಲ್ಟ್ ಇಡೋದಕ್ಕೆ ಇದೂ ಒಂದು ಕಾರಣ.

ತಾಳಗುಪ್ಪ ದಾಟಿದ ಮೇಲೆ

ಬ್ಯಾಟರಿಯಿಂದ ಹಿಂದಿನ ತೊಟ್ಟಿಗೆ 5 ಮೀಟರ್ ವೈರ್ ಬೇಕಿತ್ತು. ಚಿಕ್ಕಪ್ಪನ ಮನೆಯಲ್ಲಿ ತೋಟದ ಪಂಪ್‌ಸೆಟ್‌ಗೆ ತಂದು ಉಳಿದಿದ್ದ 6 ಸ್ಕ್ವೇರ್ ಎಂಎಂ ವೈರ್ ಇತ್ತು. ದಪ್ಪ ಇದೆ, ಸಾಕು ಅಂದುಕೊಂಡೆವು. ಕ್ಯಾಬಿನ್ ಹಿಂದೆ ಶೀಟ್ ಮೆಟಲ್‌ಗೆ ಡ್ರಿಲ್ ಹಾಕಿ ತೂತು ಮಾಡಿ ತೂರಿಸಿದೆವು. ತೂತಿಗೆ ರಬ್ಬರ್ ಬುಷ್ ಹಾಕಲಿಲ್ಲ. ಬ್ಯಾಟರಿ ಹತ್ತಿರ ಫ್ಯೂಸ್ ಹಾಕಲಿಲ್ಲ. ಆಂಪ್ ಮೇಲೆಯೇ ಫ್ಯೂಸ್ ಇದೆಯಲ್ಲ, ಮತ್ತೆ ಯಾಕೆ? ಟ್ರಿಪಲ್ ಇ ಹುಡುಗನೂ ಇದನ್ನೇ ಹೇಳಿದ. ಅವನ ಹೆಸರು ಬರೆಯಲ್ಲ, ಪ್ಲೇಸ್‌ಮೆಂಟ್ ಇದೆ.

ಟ್ರಯಲ್‌ಗೆ ಸಾಗರದಿಂದ ಜೋಗದ ರಸ್ತೆ ಹಿಡಿದೆವು. ತಾಳಗುಪ್ಪ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಹಾಡು ಕಟ್ ಆಗಿ ಕಟ್ ಆಗಿ ಬರೋಕೆ ಶುರು. ಲೂಸ್ ಕನೆಕ್ಷನ್ ಅಂದುಕೊಂಡು ನಾವು ಹಿಂದೆ ಕೂತವರು ನಗುತ್ತಾ ಇದ್ದೆವು. ಮುಂದಿನಿಂದ ಚಿಕ್ಕಪ್ಪ "ಎಂತದ್ರಾ ಅದು ವಾಸ್ನೆ?" ಅಂದರು. ಗಾಡಿ ಬದಿಗೆ ಹಾಕುವಷ್ಟರಲ್ಲಿ ಸೀಟಿನ ಹಿಂದಿನಿಂದ ಹೊಗೆ. ಬಾನೆಟ್ ಎತ್ತಿ, ಟವೆಲ್ ಸುತ್ತಿಕೊಂಡು, ಅವರೇ ನೆಗೆಟಿವ್ ಟರ್ಮಿನಲ್ ಬಿಚ್ಚಿದರು. ಹತ್ತನೇ ನಂಬರ್ ಸ್ಪ್ಯಾನರ್ ಡ್ಯಾಶ್‌ಬೋರ್ಡ್ ಮೇಲೆ ಇತ್ತು. ಅದು ಟೂಲ್ ಬಾಕ್ಸ್‌ನಲ್ಲಿ, ಶಾಮಿಯಾನ ಬಟ್ಟೆಗಳ ಕೆಳಗೆ ಇದ್ದಿದ್ದರೆ ಈ ಲೇಖನ ಬೇರೆ ತರಹ ಇರುತ್ತಿತ್ತು. ತೊಟ್ಟಿಯಲ್ಲಿ ಶಾಮಿಯಾನ ಬಟ್ಟೆ, ಕೆಳಗೆ ಡೀಸೆಲ್ ಟ್ಯಾಂಕ್, ಮೇಲೆ ನಾವು ಮೂವರು.

ಆಗಿದ್ದು ಇಷ್ಟು. ತೂತಿನ ಚೂಪಾದ ಅಂಚಿಗೆ ವೈರ್ ಉಜ್ಜಿ ಉಜ್ಜಿ ಮೇಲಿನ ಪಿವಿಸಿ ಹರಿದು, ತಾಮ್ರ ಬಾಡಿಗೆ ತಾಗಿ ಬಿಡುತ್ತಾ ಇತ್ತು. ಗಾಡಿಯ ಬಾಡಿಯೇ ನೆಗೆಟಿವ್. ಅಂದರೆ ನೇರ ಶಾರ್ಟ್. ರಾತ್ರಿ ಕೂತು ಲೆಕ್ಕ ಹಾಕಿದೆವು. ತಾಮ್ರದ ರೆಸಿಸ್ಟಿವಿಟಿ 1.72 × 10ರ ಘಾತ ಮೈನಸ್ 8 ಓಮ್ ಮೀಟರ್. ಬ್ಯಾಟರಿಯಿಂದ ತೂತಿನವರೆಗೆ 2 ಮೀಟರ್, 6 ಸ್ಕ್ವೇರ್ ಎಂಎಂ. ರೆಸಿಸ್ಟೆನ್ಸ್ 0.0057 ಓಮ್. ಬ್ಯಾಟರಿಯ ಒಳಗಿನದ್ದು, ತಾಗುವ ಜಾಗದ್ದು ಎಲ್ಲ ಸೇರಿಸಿ ಒಟ್ಟು 0.02 ಅಂತ ಹಿಡಿದರೆ, 12 ÷ 0.02, ಅಂದರೆ 600 ಆಂಪಿಯರ್. ಆ ಎರಡು ಮೀಟರ್ ವೈರ್ ಒಳಗೆ ಮಾತ್ರ 600 × 600 × 0.0057, ಹತ್ತಿರ ಹತ್ತಿರ 2000 ವ್ಯಾಟ್. ಹಾಸ್ಟೆಲ್ ಗೀಸರ್‌ನ ಕಾಯಿಲ್‌ನಷ್ಟು. ಆ ವೈರ್‌ನಲ್ಲಿ ಇರೋದು ಸುಮಾರು 107 ಗ್ರಾಂ ತಾಮ್ರ. ಗ್ರಾಂಗೆ ಡಿಗ್ರಿಗೆ 0.385 ಜೂಲ್. ಸೆಕೆಂಡಿಗೆ ಹತ್ತಿರ 50 ಡಿಗ್ರಿ ಏರುತ್ತದೆ. ಸಾಮಾನ್ಯ ಪಿವಿಸಿ ವೈರ್ ತಡೆಯೋದು 70 ಡಿಗ್ರಿ. ಪೂರ್ತಿ ಒತ್ತಿ ಕೂತಿದ್ದರೆ ಒಂದು ಸೆಕೆಂಡಿನ ಆಟ. ತಾಗಿ ಬಿಟ್ಟು, ತಾಗಿ ಬಿಟ್ಟು ಆಗುತ್ತಿದ್ದದ್ದರಿಂದ ನಮಗೆ ಟೈಮ್ ಸಿಕ್ಕಿತು.

ಆಂಪ್ ಮೇಲಿನ ಫ್ಯೂಸ್ ಏನೂ ಮಾಡಲಿಲ್ಲ, ಮಾಡೋಕೂ ಆಗಲ್ಲ. ಶಾರ್ಟ್ ಆದದ್ದು ಅದಕ್ಕಿಂತ ಮೊದಲೇ, ಆ ಕರೆಂಟ್ ಆಂಪ್‌ವರೆಗೆ ಹೋಗಲೇ ಇಲ್ಲ. ದಪ್ಪ ವೈರ್‌ಗೆ ಫ್ಯೂಸ್ ಹಾಕೋದು ಆಂಪ್ ಉಳಿಸೋಕಲ್ಲ, ವೈರ್ ಉಳಿಸೋಕೆ. ಆದ್ದರಿಂದ ಅದು ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಒಂದೂವರೆ ಅಡಿ ಒಳಗೆ ಅಂತ ಎಲ್ಲ ಮ್ಯಾನ್ಯುಯಲ್‌ನಲ್ಲೂ ಬರೆದಿರುತ್ತದೆ. ಫ್ಯೂಸ್‌ಗೂ ಬ್ಯಾಟರಿಗೂ ನಡುವೆ ಇರುವ ಆ ತುಂಡು ವೈರ್ ಮಾತ್ರ ದೇವರ ಮೇಲೆ ಭಾರ.

ಚಿಕ್ಕಪ್ಪ ಬೈಯಲಿಲ್ಲ. ಅದೇ ಹೆಚ್ಚು ಕಷ್ಟ ಆಯ್ತು. ಕ್ಯಾಬಿನ್‌ನ ಒರಿಜಿನಲ್ ವೈರಿಂಗ್ ಸ್ವಲ್ಪ ಸುಟ್ಟಿತ್ತು, ಎಲೆಕ್ಟ್ರಿಷಿಯನ್‌ಗೆ ಕೊಟ್ಟ ದುಡ್ಡು ನಾವು ನಾಲ್ಕು ಜನ ಹಂಚಿಕೊಂಡೆವು. "ಗಾಡಿ ಹೋಗಿದ್ರೆ ಕಂತು ಕಟ್ಟೋದು ನಾನೇ ಅಲ್ದಾ, ಒಂಚೂರು ನೋಡ್ಕಂಡ್ ಮಾಡ್ರೋ" ಅಂತ ಮಾತ್ರ ಅಂದರು.

ವೈರ್ ಆರಿಸೋದು

ಶಾರ್ಟ್ ಆಗದೇ ಇದ್ದಿದ್ದರೂ ಆ ವೈರ್ ತಪ್ಪೇ. 5 ಮೀಟರ್, 6 ಸ್ಕ್ವೇರ್ ಎಂಎಂ, ರೆಸಿಸ್ಟೆನ್ಸ್ 0.0143 ಓಮ್. 85 ಆಂಪಿಯರ್ ಹರಿದರೆ 1.2 ವೋಲ್ಟ್ ದಾರಿಯಲ್ಲೇ ಖಾಲಿ, ನೂರು ವ್ಯಾಟ್ ಬಿಸಿ. ಲ್ಯಾಬ್‌ನ 25 ವ್ಯಾಟ್ ಸೋಲ್ಡರಿಂಗ್ ಐರನ್ ನಾಲ್ಕನ್ನು ಸೀಟಿನ ಹಿಂದೆ ಆನ್ ಮಾಡಿ ಇಟ್ಟ ಹಾಗೆ. 35 ಸ್ಕ್ವೇರ್ ಎಂಎಂ ಹಾಕಿದರೆ ಅದೇ ಕರೆಂಟ್‌ಗೆ 0.2 ವೋಲ್ಟ್, 18 ವ್ಯಾಟ್.

35 ಸ್ಕ್ವೇರ್ ಎಂಎಂ ಎಲ್ಲಿ ಸಿಗುತ್ತದೆ? ವೆಲ್ಡಿಂಗ್ ಕೇಬಲ್! ವರ್ಕ್‌ಶಾಪ್ ಸಾಮಾನು ಮಾರುವ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಸಣ್ಣ ಸಣ್ಣ ಎಳೆ ತುಂಬಾ ಇರುವುದರಿಂದ ಚೆನ್ನಾಗಿ ಬಾಗುತ್ತದೆ, ಗಾಡಿಯ ಕಂಪನಕ್ಕೆ ತುಂಡಾಗಲ್ಲ. ಆನ್‌ಲೈನ್‌ನಲ್ಲಿ ಬರುವ ಅಗ್ಗದ "ಆಂಪ್ ಕಿಟ್"ಗಳ ಬಗ್ಗೆ ಜಾಗ್ರತೆ. ಹೆಚ್ಚಿನವು ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ರೆಸಿಸ್ಟೆನ್ಸ್ ತಾಮ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಿ ಬಣ್ಣ ಕಂಡರೆ ವಾಪಸ್ ಕೊಡಿ.

ನೆಗೆಟಿವ್‌ಗೆ ಚಾಸಿಸ್ ಬಳಸಬಹುದು, ಆದರೆ ಪೇಂಟ್ ಕೆರೆದು ಬರಿ ಕಬ್ಬಿಣ ಕಾಣುವ ಹಾಗೆ ಮಾಡಿ, ಲಗ್ ಕೂರಿಸಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಹಚ್ಚಬೇಕು. ಗ್ರೀಸ್ ಯಾಕೆ ಅಂತ ಬಯಲುಸೀಮೆಯವರು ಕೇಳಬಹುದು. ನಮ್ಮ ಕಡೆ ಜೂನ್‌ನಲ್ಲಿ ಕೆರೆದ ಕಬ್ಬಿಣ ಜುಲೈಗೆ ಕೆಂಪಾಗಿರುತ್ತದೆ. ಎರಡೂ ಆಂಪ್‌ನ ನೆಗೆಟಿವ್ ಒಂದೇ ಬೋಲ್ಟ್‌ಗೆ ಬರಲಿ. ಬೇರೆ ಬೇರೆ ಕಡೆ ಕೊಟ್ಟರೆ ಎರಡು ಜಾಗದ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸ ಆಡಿಯೋ ಕೇಬಲ್ ಮೂಲಕ ಹರಿದು, ಆಕ್ಸಿಲರೇಟರ್ ಒತ್ತಿದ ಹಾಗೆ ಸ್ಪೀಕರ್‌ನಲ್ಲಿ "ಕುಂಯ್ಯ್" ಅಂತ ಏರುತ್ತಾ ಹೋಗುತ್ತದೆ. ಅದು ಆಲ್ಟರ್ನೇಟರ್‌ನ ರಿಪಲ್. ತ್ರೀ ಫೇಸ್ ರೆಕ್ಟಿಫೈ ಮಾಡಿದಾಗ ಒಂದು ಸೈಕಲ್‌ಗೆ ಆರು ಉಬ್ಬು ಬರುತ್ತವೆ ಅಂತ ನಾವು ಬರೆದು ಪಾಸ್ ಆಗಿದ್ದೇವಲ್ಲ, ಆ ಉಬ್ಬನ್ನು ಕಿವಿಯಲ್ಲಿ ಕೇಳಿದ್ದು ಅದೇ ಮೊದಲು. ಆಡಿಯೋ ಕೇಬಲ್ ಗಾಡಿಯ ಎಡಬದಿ, ಪವರ್ ಕೇಬಲ್ ಬಲಬದಿ ಹಾಕಿ, ನೆಗೆಟಿವ್ ಒಂದೇ ಕಡೆ ಮಾಡಿದ ಮೇಲೆ ಹೋಯಿತು.

ಮೆರವಣಿಗೆಯ ಕಷ್ಟವೇ ಬೇರೆ

ಕಾರಿನಲ್ಲಿ ಹಾಡು ಹಾಕುವವರು ಹೈವೇಯಲ್ಲಿ ಹೋಗುತ್ತಿರುತ್ತಾರೆ, ಆಲ್ಟರ್ನೇಟರ್ ಫುಲ್ ಸ್ಪೀಡ್‌ನಲ್ಲಿ ಇರುತ್ತದೆ. ಗಣಪತಿ ಮೆರವಣಿಗೆಯಲ್ಲಿ ಗಾಡಿ ನಾಲ್ಕು ಗಂಟೆ ಐಡಲ್‌ನಲ್ಲಿ, ನಡೆದುಕೊಂಡು ಹೋಗುವವರಿಗಿಂತ ನಿಧಾನ. ನಮ್ಮ ಗಾಡಿಯ ಆಲ್ಟರ್ನೇಟರ್ ಮೇಲೆ 75 ಆಂಪಿಯರ್ ಅಂತ ಇತ್ತು. ಐಡಲ್‌ನಲ್ಲಿ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದರೆ ಗರಿಷ್ಠ 35.

ಹಾಡು ಯಾವಾಗಲೂ ಫುಲ್ ಪವರ್ ಎಳೆಯಲ್ಲ. ಸರಾಸರಿ ಮೂರನೇ ಒಂದು ಭಾಗ ಅಂದರೂ 85ಕ್ಕೆ 28 ಆಂಪಿಯರ್. ಹೆಡ್‌ಲೈಟು, ಗಣಪತಿ ಮಂಟಪದ ಸೀರಿಯಲ್ ಸೆಟ್ಟು ಸೇರಿ 12. ಇಂಜಿನ್‌ನ ಸ್ವಂತ ಖರ್ಚು 5. ಒಟ್ಟು 45. ಬರೋದು 35, ಹೋಗೋದು 45. ನಾಲ್ಕು ಗಂಟೆಗೆ 40 ಆಂಪಿಯರ್ ಅವರ್ ಬ್ಯಾಟರಿಯಿಂದ ಹೋಗುತ್ತದೆ. ಬ್ಯಾಟರಿ ಇರೋದೇ 80. ಸ್ಟಾರ್ಟಿಂಗ್ ಬ್ಯಾಟರಿಯನ್ನು ಅರ್ಧ ಖಾಲಿ ಮಾಡುತ್ತಾ ಬಂದರೆ ಅದು ಬೇಗ ಸಾಯುತ್ತದೆ, ಕೆರೆ ದಡದಲ್ಲಿ ಗಣಪತಿ ಮುಳುಗಿಸಿ ವಾಪಸ್ ಬರುವಾಗ ಗಾಡಿ ತಳ್ಳಬೇಕಾಗುತ್ತದೆ.

ಮನೆಯ ಯುಪಿಎಸ್‌ನ 150 ಆಂಪಿಯರ್ ಅವರ್ ಬ್ಯಾಟರಿ ಗಾಡಿಗೆ ಇಡೋಣ ಅಂತ ಒಂದು ಐಡಿಯಾ ಬಂತು. ಚಿಕ್ಕಮ್ಮ ಬಾಗಿಲಲ್ಲೇ ನಿಂತು "ಮಳೆಗಾಲದಲ್ಲಿ ಕರೆಂಟ್ ಹೋದ್ರೆ ನಾ ಕತ್ಲೇಲಿ ಕೂರ್ಲಾ?" ಅಂದರು. ನ್ಯಾಯವೇ. ಜೋಗದಲ್ಲಿ 1948ರಿಂದ ವಿದ್ಯುತ್ ತಯಾರಾಗುತ್ತಿದೆ, 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆಯಿತು, ಶರಾವತಿ ಕರೆಂಟ್ ಬೆಂಗಳೂರಿಗೆಲ್ಲ ಹೋಗುತ್ತದೆ. ಇಲ್ಲಿ ಮರ ಬಿದ್ದರೆ ಮೂರು ದಿನ ದೀಪ ಇಲ್ಲ.

ದಾರಿ ಸಿಕ್ಕಿದ್ದು ಅಟ್ಟದ ಮೇಲೆ. ಅಲ್ಲಿ ಚಿಕ್ಕಪ್ಪನ ಎರಡು ಹಳೇ ಹಾರ್ನ್ ಇದ್ದವು, 16 ಓಮ್ ಯೂನಿಟ್‌ನವು. ಎರಡು 10 ಇಂಚಿನ ಬಾಕ್ಸ್ ಇದ್ದವು, 8 ಓಮ್. ಧೂಳು, ಜೇಡರ ಬಲೆ ಎಲ್ಲ ಇತ್ತು, ಆದರೆ ಕೆಲಸ ಮಾಡುತ್ತಿದ್ದವು. ಹಾರ್ನ್‌ನ ಸೆನ್ಸಿಟಿವಿಟಿ 105 ಡಿಬಿ, ಅಂದರೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 105. ನಾವು ತಂದ ಕಾರ್ ಸ್ಪೀಕರ್ 90.

ಆಂಪ್ ಕೊಡೋದು ವೋಲ್ಟೇಜ್. ಅದೇ ವೋಲ್ಟೇಜ್‌ಗೆ 4 ಓಮ್ ಬದಲು 16 ಓಮ್ ಹಾಕಿದರೆ ಪವರ್ ಕಾಲು ಭಾಗ, 75 ಬದಲು ಸುಮಾರು 19 ವ್ಯಾಟ್. ಕಮ್ಮಿಯಾಯ್ತಲ್ಲ ಅಂತ ನಮಗೂ ಅನ್ನಿಸಿತು. ಈಗ ಡಿಬಿ ಲೆಕ್ಕ ನೋಡಿ. ಪವರ್ ದುಪ್ಪಟ್ಟಾದರೆ 3 ಡಿಬಿ, ಹತ್ತು ಪಟ್ಟಾದರೆ 10 ಡಿಬಿ. ಕಾರ್ ಸ್ಪೀಕರ್‌ಗೆ 75 ವ್ಯಾಟ್: 90 ಮತ್ತು 19, ಒಟ್ಟು 109. ಹಾರ್ನ್‌ಗೆ 19 ವ್ಯಾಟ್: 105 ಮತ್ತು 13, ಒಟ್ಟು 118. ಕಾಲು ಭಾಗ ಕರೆಂಟಿಗೆ 9 ಡಿಬಿ ಜಾಸ್ತಿ. ಮೂವತ್ತು ವರ್ಷ ಹಳೇ ಹಾರ್ನ್ ನಮ್ಮ ಹೊಸ ಸ್ಪೀಕರ್‌ಗಳನ್ನ ಸೋಲಿಸಿತು. ವ್ಯಾಟ್ ಕೊಳ್ಳುವ ಮೊದಲು ಸೆನ್ಸಿಟಿವಿಟಿ ನೋಡಿ ಅಂತ ನಮ್ಮ ಜೂನಿಯರ್‌ಗಳಿಗೆ ಹೇಳೋದಿದ್ದರೆ ಇಷ್ಟೇ ಸಾಕು.

ಕಾರ್ ಸ್ಪೀಕರ್ ವಾಪಸ್ ಕೊಟ್ಟೆವು. ಹೊಸ ಲೆಕ್ಕ: ನಾಲ್ಕು ಚಾನೆಲ್ ಆಂಪ್ ಈಗ ಕೊಡೋದು ಒಟ್ಟು 113 ವ್ಯಾಟ್, ಎಳೆಯೋದು 205. ಸಬ್‌ಗೆ 625. ಒಟ್ಟು 830, ಅಂದರೆ 60 ಆಂಪಿಯರ್. ಸರಾಸರಿ 20. ಹೆಡ್‌ಲೈಟ್ ಬದಲು ಪಾರ್ಕಿಂಗ್ ಲೈಟ್, ಸೀರಿಯಲ್ ಸೆಟ್ ಎಲ್ಇಡಿ, 4. ಇಂಜಿನ್ 5. ಒಟ್ಟು 29, ಬರೋದು 35. ಬ್ಯಾಟರಿ ಪಕ್ಕ 80 ಆಂಪಿಯರ್ ಫ್ಯೂಸ್. ಒಂದು ಎಚ್ಚರ: ಹಾರ್ನ್ ಯೂನಿಟ್‌ಗೆ ಬಾಸ್ ಹೋದರೆ ಡಯಾಫ್ರಮ್ ಹರಿಯುತ್ತದೆ. ಆಂಪ್‌ನಲ್ಲಿ ಹೈಪಾಸ್ 400 ಹರ್ಟ್ಝ್‌ಗೆ ಇಟ್ಟೆವು. ಇನ್ನು ಮೈಕ್ ಸೆಟ್‌ನವರ ಹಳೇ ಆಂಪ್‌ಗಳಲ್ಲಿ 100 ವೋಲ್ಟ್ ಲೈನ್ ಅಂತ ಇರುತ್ತದೆ. ಅದಕ್ಕೆ ಟ್ರಾನ್ಸ್‌ಫಾರ್ಮರ್ ಇರುವ ಹಾರ್ನ್ ಬೇಕು, ಅದನ್ನೂ ಇದನ್ನೂ ಕಲಸಬೇಡಿ.

ಸಬ್‌ವೂಫರ್ ಬಾಕ್ಸ್

ಇದು ಮೆಕ್ಯಾನಿಕಲ್ ಹುಡುಗನ ಡಿಪಾರ್ಟ್‌ಮೆಂಟ್. ಖಾಲಿ ಬಾಟಲಿ ಬಾಯಿಗೆ ಊದಿದರೆ "ಭೋಂ" ಅನ್ನುತ್ತದಲ್ಲ, ಪೋರ್ಟ್ ಇರುವ ಬಾಕ್ಸ್ ಅದೇ. ಬಾಕ್ಸ್‌ನ ಗಾಳಿ ಸ್ಪ್ರಿಂಗ್, ಪೈಪಿನ ಗಾಳಿ ಅದರ ತುದಿಯ ತೂಕ. 55 ಲೀಟರ್ ಬಾಕ್ಸ್, 40 ಹರ್ಟ್ಝ್‌ಗೆ ಟ್ಯೂನ್ ಆಗಬೇಕು. ಪೋರ್ಟ್‌ಗೆ ತೋಟದಲ್ಲಿ ಬಿದ್ದಿದ್ದ 4 ಇಂಚಿನ ಪಿವಿಸಿ ಪೈಪ್. ಹೆಲ್ಮ್‌ಹೋಲ್ಟ್ಝ್ ಸೂತ್ರಕ್ಕೆ ಹಾಕಿದರೆ ಉದ್ದ 26.6 ಸೆಂಟಿಮೀಟರ್ ಬಂತು. ಕತ್ತರಿಸಿ ಕೂರಿಸಿ ಟೋನ್ ಹಾಕಿ ನೋಡಿದರೆ ಟ್ಯೂನಿಂಗ್ 35ರ ಹತ್ತಿರ. ಎಲ್ಲಿ ತಪ್ಪಿದ್ದು? ಪೈಪಿನ ಎರಡೂ ಬಾಯಿಯ ಹೊರಗಿನ ಸ್ವಲ್ಪ ಗಾಳಿಯೂ ಪೈಪಿನ ಜೊತೆ ಅಲ್ಲಾಡುತ್ತದೆ. ಅದನ್ನು ಲೆಕ್ಕದಲ್ಲಿ ಕಳೆಯಬೇಕು. ಈ ಪೈಪಿಗೆ ಅದು 7.3 ಸೆಂಟಿಮೀಟರ್. 19.3ಕ್ಕೆ ಕತ್ತರಿಸಿದಾಗ ಸರಿಯಾಯಿತು. ಉದ್ದ ಇಟ್ಟಿದ್ದು ಒಳ್ಳೇದೇ ಆಯ್ತು, ಮೊದಲೇ ಗಿಡ್ಡ ಮಾಡಿದ್ದರೆ ಬೆಳೆಸೋಕಾಗಲ್ಲ.

ಬಾಕ್ಸ್‌ಗೆ ಎಂಡಿಎಫ್ ಹಾಕಬೇಡಿ. ವಿಡಿಯೋಗಳಲ್ಲಿ ಎಲ್ಲರೂ ಎಂಡಿಎಫ್ ಅನ್ನುತ್ತಾರೆ, ಅವರು ಹೊಸನಗರದ ಮಳೆ ನೋಡಿಲ್ಲ. ಒಂದು ಮಳೆಗಾಲಕ್ಕೆ ಅಂಚು ಬಿಸ್ಕೆಟ್ ತರಹ ಉಬ್ಬಿ ಉದುರುತ್ತದೆ. ನಾವು ವಾಟರ್‌ಪ್ರೂಫ್ ಪ್ಲೈವುಡ್ ಹಾಕಿ, ಮೂಲೆಗೆ ಫೆವಿಕಾಲ್ ಮತ್ತು ಸ್ಕ್ರೂ, ಹೊರಗೆ ಎರಡು ಕೋಟ್ ಪೇಂಟ್ ಹೊಡೆದೆವು. ಇನ್ನೊಂದು, ಕಾರಿನ ಮುಚ್ಚಿದ ಕ್ಯಾಬಿನ್ ಬಾಸ್ ಅನ್ನು ತಾನೇ ಹೆಚ್ಚಿಸುತ್ತದೆ. ಪಿಕಪ್‌ನ ತೆರೆದ ತೊಟ್ಟಿಯಲ್ಲಿ ಆ ಲಾಭ ಇಲ್ಲ. ವಿಡಿಯೋದಲ್ಲಿ ಎದೆ ಗುದ್ದಿದ್ದು ಇಲ್ಲಿ ಗುದ್ದಲ್ಲ, ಬೇಜಾರು ಮಾಡ್ಕೋಬೇಡಿ. ತೊಟ್ಟಿಯ ಬದಿ ಬಾಗಿಲು ಮಾತ್ರ ಗಡಗಡ ಅನ್ನುತ್ತವೆ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಕೊಂಡಿಗಳಿಗೆ ಸುತ್ತಿ.

ಎಲ್ಲವನ್ನೂ ಒಂದು ಕಬ್ಬಿಣದ ಫ್ರೇಮ್‌ಗೆ ಕೂರಿಸಿ, ಫ್ರೇಮನ್ನು ನಾಲ್ಕು ಬೋಲ್ಟ್‌ನಲ್ಲಿ ತೊಟ್ಟಿಗೆ ಬಿಗಿದೆವು. ತೊಟ್ಟಿಯಿಂದ ಹೊರಗೆ ಏನೂ ಚಾಚಿಲ್ಲ. ಆರ್‌ಸಿಯಲ್ಲಿ ಇರುವ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವ ಹಾಗೆ ಬದಲಾಯಿಸೋದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ಕ್ಕೆ ವಿರುದ್ಧ. ಡಿಜೆ ಗಾಡಿಗಳು ಎರಡೂ ಬದಿಗೆ ರೆಕ್ಕೆ ಬಿಚ್ಚಿಕೊಂಡು ಬರುತ್ತವಲ್ಲ, ಅವುಗಳಿಗೆ ಈ ತಲೆನೋವು ಇದೆ. ನಮಗೆ ಬಿಚ್ಚಲು ಬರುವ ಫ್ರೇಮ್ ಬೇಕಾಗಿದ್ದಕ್ಕೆ ಅಡಿಕೆಯೂ ಕಾರಣ.

"ಹೈ ಬರ್ತಾನೇ ಇಲ್ಲ"

ಗೇನ್ ಸೆಟ್ ಮಾಡೋದು ಬೇಗ ಹೇಳಿಬಿಡುತ್ತೇವೆ. ಗೇನ್ ಅಂದರೆ ವಾಲ್ಯೂಮ್ ಅಲ್ಲ. ಸ್ಪೀಕರ್ ವೈರ್ ಬಿಚ್ಚಿ, ಮಿಕ್ಸರ್ ಅನ್ನು ಮುಕ್ಕಾಲಿಗೆ ಇಟ್ಟು, 50 ಹರ್ಟ್ಝ್ ಟೋನ್ ಹಾಕಿ, ಆಂಪ್ ಔಟ್‌ಪುಟ್‌ಗೆ ಮಲ್ಟಿಮೀಟರ್ ಇಡಿ. 500 ವ್ಯಾಟ್, 2 ಓಮ್‌ಗೆ ಗುಣಿಸಿ ವರ್ಗಮೂಲ ತೆಗೆದರೆ 31.6 ವೋಲ್ಟ್. 75 ವ್ಯಾಟ್, 4 ಓಮ್‌ಗೆ 17.3. ಅಷ್ಟು ಬಂದಾಗ ಗೇನ್ ನಿಲ್ಲಿಸಿ. ಅದಕ್ಕಿಂತ ಮೇಲೆ ಹೋದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೆ ಅಂಗಳದಲ್ಲಿ ಹಾಡು ಹಾಕಿದೆವು. ನಮಗೆ ಬಹಳ ಖುಷಿ. ಚಿಕ್ಕಪ್ಪ ಬಂದು ಮಿಕ್ಸರ್‌ನ ಟ್ರೆಬಲ್ ಪೂರ್ತಿ ತಿರುಗಿಸಿದರು. ಹಾರ್ನ್ ಕಿರಿಚಿತು, ನಾವು ಕಿವಿ ಮುಚ್ಚಿಕೊಂಡೆವು. ಅವರು "ಎಂತ ಮಾರಾಯ, ಹೈ ಬರ್ತಾನೇ ಇಲ್ಲ" ಅಂದರು.

ಹಾರ್ನ್ ಯೂನಿಟ್ ಹೋಗಿದೆ ಅಂತ ನಾವು ಬಿಚ್ಚಿ ನೋಡಿದೆವು, ಸರಿ ಇತ್ತು. ಕ್ರಾಸ್‌ಓವರ್ ನೋಡಿದೆವು. ಕೊನೆಗೆ ಫೋನಿನ ಟೋನ್ ಜನರೇಟರ್ ಹಾಕಿ, ಕಮ್ಮಿ ವಾಲ್ಯೂಮ್‌ನಲ್ಲಿ, 500ರಿಂದ ಒಂದೊಂದೇ ಏರಿಸುತ್ತಾ ಹೋದೆವು. 1000ಕ್ಕೆ ಅವರು ತಲೆ ಆಡಿಸಿದರು. 2000ಕ್ಕೂ. 3000ಕ್ಕೆ "ಸಣ್ಣಕ್ಕೆ" ಅಂದರು. 4000ಕ್ಕೆ ನಮ್ಮ ನಾಲ್ಕು ಜನಕ್ಕೂ ಜೋರಾಗಿ ಕೇಳುತ್ತಿತ್ತು. ಅವರು "ಆಫ್ ಮಾಡಿದ್ರಾ?" ಅಂತ ಕೇಳಿದರು. 8000ಕ್ಕೂ ಅದೇ.

ಯಾರೂ ಏನೂ ಮಾತಾಡಲಿಲ್ಲ. ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದರು. "ಕರೆದ್ರೆ ತಿರುಗಲ್ಲ, ಹೇಳಿದ್ದು ಕೇಳಲ್ಲ ಅಂತ ಇಷ್ಟು ವರ್ಷ ಬೈದಿದೀನಿ" ಅಂದು ಒಳಗೆ ಹೋದರು.

ಜೋರು ಸದ್ದಿನಿಂದ ಕಿವಿ ಹೋಗೋದು ಸಾಮಾನ್ಯವಾಗಿ 4000 ಹರ್ಟ್ಝ್ ಆಸುಪಾಸಿನಲ್ಲೇ ಶುರುವಾಗುತ್ತದೆ. ಕಿವಿಯ ಒಳಗಿನ ಕೂದಲಿನಂಥ ಕೋಶಗಳು ಸತ್ತರೆ ಮನುಷ್ಯರಿಗೆ ಮತ್ತೆ ಹುಟ್ಟಲ್ಲ. ಸ, ಶ, ತ ಇಂಥ ಅಕ್ಷರಗಳ ಶಬ್ದ ಇರೋದೂ ಮೇಲಿನ ಫ್ರೀಕ್ವೆನ್ಸಿಯಲ್ಲೇ. ಆದ್ದರಿಂದ ಮಾತಾಡೋದು ಕೇಳುತ್ತದೆ, ಏನು ಅಂತ ಗೊತ್ತಾಗಲ್ಲ. ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ ದಿನಕ್ಕೆ 85 ಡಿಬಿ ಆದರೆ 8 ಗಂಟೆ ಇರಬಹುದು. ಪ್ರತಿ 3 ಡಿಬಿ ಹೆಚ್ಚಿದಾಗ ಸಮಯ ಅರ್ಧ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. ನಮ್ಮ ಹಾರ್ನ್ 1 ಮೀಟರ್‌ನಲ್ಲಿ 118. ದೂರ ದುಪ್ಪಟ್ಟಾದ ಹಾಗೆ 6 ಡಿಬಿ ಇಳಿಯುತ್ತದೆ, ಅಂದರೆ 8 ಮೀಟರ್ ದೂರದಲ್ಲೂ 100. ಗಾಡಿ ಹಿಂದೆ ಕುಣಿಯುವ ಹುಡುಗರು ನಿಲ್ಲೋದು ಅದಕ್ಕಿಂತ ಹತ್ತಿರ. ಆಪರೇಟರ್ ಕೂರೋದು ಇನ್ನೂ ಹತ್ತಿರ, ಮೂವತ್ತು ವರ್ಷ.

ನಮಗೆ ಹೊಳೆದದ್ದು ಇನ್ನೊಂದು. ಮೈಕ್ ಸೆಟ್‌ನವರು ತಮ್ಮ ಕಿವಿಗೆ ಸರಿ ಅನ್ನಿಸುವ ಹಾಗೆ ಟ್ರೆಬಲ್ ಇಡುತ್ತಾರೆ. ಅವರ ಕಿವಿಯ ಟ್ರೆಬಲ್ ಹೋಗಿದ್ದರೆ ನಾಬ್ ತಾನಾಗಿ ಮೇಲೆ ಹೋಗುತ್ತದೆ. ಕುಣಿಯುವ ಹುಡುಗರ ಕಿವಿ ಹೋಗುತ್ತದೆ, ಅವರಲ್ಲಿ ಒಬ್ಬ ಮುಂದೆ ಮೈಕ್ ಸೆಟ್ ಹಾಕುತ್ತಾನೆ. ಸಿಸ್ಟಮ್ಸ್ ಕ್ಲಾಸ್‌ನಲ್ಲಿ ಪಾಸಿಟಿವ್ ಫೀಡ್‌ಬ್ಯಾಕ್‌ಗೆ ಉದಾಹರಣೆ ಕೇಳಿದರೆ ನಾವು ಇನ್ನು ಮೇಲೆ ಇದನ್ನೇ ಬರೆಯೋದು.

ಮಿಕ್ಸರ್‌ನ ಟ್ರೆಬಲ್ ಮತ್ತು ಮಾಸ್ಟರ್ ನಾಬ್‌ಗೆ ವೈಟ್ನರ್‌ನಲ್ಲಿ ಗೆರೆ ಹಾಕಿದೆವು. ಅದಕ್ಕಿಂತ ಮೇಲೆ ಇಲ್ಲ. ಚಿಕ್ಕಪ್ಪ ಮೊದಲು ಒಪ್ಪಲಿಲ್ಲ. "ಸೌಂಡ್ ಇಲ್ಲ ಅಂದ್ರೆ ಮುಂದಿನ ವರ್ಷ ಬೇರೆಯವರನ್ನ ಕರೀತಾರೆ." ಅದು ಸುಳ್ಳಲ್ಲ. ಅವರ ಹೊಟ್ಟೆಪಾಡು ಸೌಂಡ್‌ನಲ್ಲೇ ಇದೆ, ಮತ್ತು ಕೇಳುವವರು ನಮ್ಮಂಥ ಹುಡುಗರೇ. ಕಾನೂನು 2000ನೇ ಇಸವಿಯಿಂದ ಇದೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಂದ್. ಹಬ್ಬಕ್ಕೆ ಅಂತ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ 12 ಗಂಟೆವರೆಗೆ ಬಿಡಬಹುದು. ಸಾರ್ವಜನಿಕ ಜಾಗದ ಗಡಿಯಲ್ಲಿ ಆ ಪ್ರದೇಶದ ಮಿತಿಗಿಂತ 10 ಡಿಬಿ ಹೆಚ್ಚು ಅಥವಾ 75, ಯಾವುದು ಕಮ್ಮಿಯೋ ಅದು. ವಸತಿ ಪ್ರದೇಶದ ಹಗಲಿನ ಮಿತಿ 55. ಅಂದರೆ 65. ನಮ್ಮ ಪುಟ್ಟ ಗಾಡಿಯ ಹಾರ್ನ್ ಫುಲ್ ಇಟ್ಟರೆ ನೂರು ಮೀಟರ್ ದೂರದಲ್ಲೂ 78. ಲೆಕ್ಕ ಹಾಕಿದ ಮೇಲೆ ನಾವೇ ಸುಮ್ಮನಾದೆವು.

ಕೊನೆಗೆ ಒಪ್ಪಿದ್ದು ಒಂದು ಶರತ್ತಿನ ಮೇಲೆ. ವಿಸರ್ಜನೆ ದಿನ ನಮ್ಮಲ್ಲಿ ಒಬ್ಬ ಗಾಡಿಯಿಂದ ಇಪ್ಪತ್ತು ಮೀಟರ್ ಮುಂದೆ ನಡೆಯಬೇಕು. ಮಾತು ಸ್ಪಷ್ಟ ಕೇಳುತ್ತಿದ್ದರೆ ಹೆಬ್ಬೆರಳು ಎತ್ತಬೇಕು, ಇಲ್ಲದಿದ್ದರೆ ಕೈ ಮೇಲೆ. ತಮ್ಮ ಕಿವಿ ಬದಲು ನಮ್ಮ ಕೈ ನೋಡಿ ಅವರು ನಾಬ್ ತಿರುಗಿಸಿದರು. ಅವರ ಕಿವಿಗೆ ಹಳದಿ ಸ್ಪಂಜಿನ ಪ್ಲಗ್ ಇತ್ತು, ಯಾರಿಗೂ ಕಾಣಬಾರದು ಅಂತ ಮೇಲೆ ಟವೆಲ್ ಸುತ್ತಿಕೊಂಡಿದ್ದರು. ನಾಲ್ಕು ಊರಲ್ಲಿ ಎರಡು ಊರಿನ ಹುಡುಗರು ಸೌಂಡ್ ಸಾಲದು ಅಂದರು. ಒಂದು ಊರಲ್ಲಿ ಯಾರೂ ಏನೂ ಹೇಳಲಿಲ್ಲ. ಇನ್ನೊಂದು ಊರಲ್ಲಿ ಒಬ್ಬ ಅಜ್ಜಿ ಬಂದು ಈ ಸಲ ಭಜನೆ ಅಕ್ಷರ ಅಕ್ಷರ ಕೇಳ್ತು ಮಗಾ ಅಂದು, ಪಂಚಕಜ್ಜಾಯ ಎರಡು ಸಲ ಕೊಟ್ಟರು. ಬ್ಯಾಟರಿ ರಾತ್ರಿ ಹನ್ನೊಂದಕ್ಕೆ 12.5 ವೋಲ್ಟ್ ಇತ್ತು, ಗಾಡಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು.

ದಸರಾ ಮುಗಿದ ಮೇಲೆ ಅವರು ಶಿವಮೊಗ್ಗಕ್ಕೆ ಹೋಗಿ ಕಿವಿ ಟೆಸ್ಟ್ ಮಾಡಿಸಿಕೊಂಡು, ಆ ಗ್ರಾಫ್‌ನ ಫೋಟೋ ನಮ್ಮ ಗ್ರೂಪಿಗೆ ಹಾಕಿದರು. 4000ದ ಹತ್ತಿರ ಗೆರೆ ಎರಡೂ ಕಿವಿಗೆ ಗುಂಡಿಯ ಹಾಗೆ ಕೆಳಗೆ ಇಳಿದಿತ್ತು. ಕೆಳಗೆ "ನಿಮ್ಮ ಫೋನು ಸರಿಯಾಗೇ ಹೇಳಿತ್ತು" ಅಂತ ಬರೆದಿದ್ದರು. ನವೆಂಬರ್‌ನಲ್ಲಿ ಕೊನೆ ಕೊಯ್ಲು ಶುರುವಾದಾಗ ಫ್ರೇಮ್ ಬಿಚ್ಚಿ ಅಟ್ಟಕ್ಕೆ ಹಾಕಿದರಂತೆ. ಬಿಚ್ಚೋಕೆ ಹತ್ತೇ ನಿಮಿಷ ಸಾಕಾಯಿತಂತೆ, 13ನೇ ನಂಬರ್ ಸ್ಪ್ಯಾನರ್ ಒಂದೇ ಬೇಕು. ಹತ್ತನೇ ನಂಬರ್‌ದು ಇನ್ನೂ ಡ್ಯಾಶ್‌ಬೋರ್ಡ್ ಮೇಲೇ ಇದೆ.